ಬಿಲ್ಲು ಹಿಡಿದ ಬಸುರಿ

ಈಗಿನ ಹುಡುಗಿಯರು ಬಸುರಿಯಾದ ಕೂಡಲೇ ಹೊಟ್ಟೆಗೆ ರಿಬ್ಬನ್ ಕಟ್ಟಿಕೊಂಡು, ಕೆರೆಯ ದಂಡೆ, ರೈಲು ಹಳಿ, ಸೂರ್ಯಕಾಂತಿ ಹೊಲ ಎಂದು ಊರೆಲ್ಲ ತಿರುಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿ ನನ್ನ ಓರಗೆಯ ಮುದುಕಿಯರು ಮೂಗು ಮುರಿಯುತ್ತಾರೆ. "ನಮ್ಮ ಕಾಲದಾಗ ಇಂಥಾ ಹುಚ್ಚಾಟ ಇರಲಿಲ್ಲ ನೋಡ್ವಾ" ಎನ್ನುತ್ತಾರೆ. ಶುದ್ಧ ಸುಳ್ಳು. ನಮ್ಮ ಕಾಲದ ಹುಚ್ಚಾಟ ಇದರ ಅಪ್ಪನಂಥದು. ಎಪ್ಪತ್ತರ ದಶಕದ ನಡುವಿನಲ್ಲಿ, ಸವದತ್ತಿಯ ಬಸ್ ಸ್ಟ್ಯಾಂಡಿನ ಎದುರಿಗೆ, ಹುಣ್ಣಿಮೆಯ ಜನಜಂಗುಳಿಯ ನಡುವೆ, ತುಂಬಿದ ಬಸುರಿಯಾದ ನಾನು ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು, ಕೈಯಲ್ಲಿ ಬಿಲ್ಲು ಹಿಡಿದು ಕೂತಿದ್ದೆ. ನನಗೆ ಯಾರ ಮೇಲೂ ಮೂಗು ಮುರಿಯುವ ಹಕ್ಕಿಲ್ಲ. ಆದರೂ ಮುರಿಯುತ್ತೇನೆ, ಅದು ನನ್ನ ಸ್ವಭಾವ.

ಇದೆಲ್ಲ ಸಾಂಗ್ಲಿಯಿಂದ ಶುರುವಾಯಿತು. ನಮ್ಮ ಅತ್ತೆಗೆ ಸಾಂಗ್ಲಿಯಲ್ಲಿ ಒಬ್ಬ ತಂಗಿ ಇದ್ದಳು. ಅಕ್ಕ ತಂಗಿ ಇಬ್ಬರೂ ಹುಟ್ಟಿದ್ದೇ ಒಬ್ಬರ ಹೊಟ್ಟೆ ಇನ್ನೊಬ್ಬರು ಉರಿಸಲಿಕ್ಕೆ. ಅವಳು ನೀರು ಕಾಯಿಸುವ ಹಿತ್ತಾಳೆಯ ಬಂಬು ತಂದರೆ ನಮ್ಮ ಮನೆಗೆ ತಾಮ್ರದ ಹಂಡೆ ಬರುತ್ತಿತ್ತು. ಒಂದು ದಿನ ಆ ತಂಗಿಯ ಸೊಸೆಯ ಬಯಕೆ ಊಟದ ಫೋಟೋ ಟಪಾಲಿನಲ್ಲಿ ಬಂದು ಬಿತ್ತು. ಆ ಕಡೆಯವರಲ್ಲಿ ಒಂದು ಪದ್ಧತಿ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಮೈತುಂಬ ಹೂವಿನ ದಾಗೀನು ತೊಡಿಸಿ, ಕೈಗೆ ಬಿಲ್ಲು ಬಾಣ ಕೊಟ್ಟು ಕೂಡಿಸುತ್ತಾರೆ. ಹುಟ್ಟುವ ಮಗ ಶೂರನಾಗಲಿ ಎಂದು. ಅತ್ತೆ ಕನ್ನಡಕ ಒರೆಸಿ ಒರೆಸಿ ಆ ಫೋಟೋ ನೋಡಿದರು. ದೇವರ ಮುಂದೆ ಇಟ್ಟರು, ಮತ್ತೆ ತೆಗೆದು ನೋಡಿದರು. "ನಮ್ಮಾಕಿಗೂ ಮಾಡಸಬೇಕು" ಅಂದರು.

ಶೂರನಂತೆ! ನನ್ನ ಗಂಡ ಜಿರಳೆ ಕಂಡರೆ ಮಂಚ ಹತ್ತುವವರು. ಆ ವಂಶದಲ್ಲಿ ಬಿಲ್ಲು ಹಿಡಿದ ಒಬ್ಬ ಹುಟ್ಟಿದ ನೆನಪು ಯಾರಿಗೂ ಇರಲಿಲ್ಲ. ಹಿಂದಿನವರು ಹಿಡಿದದ್ದು ದರ್ಭೆ. ಮಾವ ಹಿಡಿದದ್ದು ಪಂಚಾಂಗ. ನನ್ನ ಗಂಡ ಹಿಡಿದದ್ದು ಮಾಮಲೇದಾರ ಕಚೇರಿಯ ರಬ್ಬರ್ ಸ್ಟಾಂಪು. ನನ್ನ ಹೊಟ್ಟೆಯಲ್ಲಿದ್ದ ಪಾಪದ ಜೀವ ಈ ಮೂವರನ್ನೂ ದಾಟಿ ಒಮ್ಮೆಲೇ ಧನುರ್ಧಾರಿಯಾಗಿ ಇಳಿಯಬೇಕು ಎಂಬುದು ಅತ್ತೆಯ ಹುಕುಂ.

ನನಗೆ ಬೇಕಾಗಿದ್ದದ್ದು ಒಂದೇ. ತವರಿಗೆ ಹೋಗಬೇಕಾಗಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದು ನಮ್ಮಲ್ಲಿ ಎಲ್ಲರ ಮನೆಯ ರೂಢಿ. ಬಯಕೆ ಊಟ ಮುಗಿದ ಮೇಲೆ ಹುಡುಗಿಯ ತಾಯಿ ಬಂದು ಕರೆದುಕೊಂಡು ಹೋಗುತ್ತಾಳೆ. ನನ್ನ ತವರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಅಪ್ಪ ಅಲ್ಲಿ ಹಣಮಂತದೇವರ ಪೂಜೆ ಮಾಡುತ್ತಿದ್ದರು. ದೊಡ್ಡ ಮನೆಯಲ್ಲ, ದೊಡ್ಡ ಅನುಕೂಲವೂ ಇಲ್ಲ. ಆದರೆ ತವರೆಂದರೆ ನನಗೆ ಬೆಳಿಗ್ಗೆ ಎದ್ದ ಮೇಲೆ ಮತ್ತೆ ಮಲಗಬಹುದಾದ ಜಾಗ. ಅಷ್ಟೇ ಸಾಕಾಗಿತ್ತು. ಆ ಹೊತ್ತಿಗೆ ನನ್ನ ಕಾಲು ಬಾತು ಚಪ್ಪಲಿ ಒಳಗೆ ಹೋಗುತ್ತಿರಲಿಲ್ಲ. ಬಾವಿಯಿಂದ ನೀರು ಸೇದುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹೆರಿಗೆ ಎಂದರೆ ಏನು, ಹೇಗೆ ಎಂದು ಗೊತ್ತಿಲ್ಲದ ಹೆದರಿಕೆ ಬೇರೆ. ಅದನ್ನು ಅವ್ವನ ಹತ್ತಿರ ಅಲ್ಲದೆ ಇನ್ನಾರ ಹತ್ತಿರ ಹೇಳಿಕೊಳ್ಳಲಿ?

ಅವ್ವ ಒಮ್ಮೆ ಕರೆಯಲು ಬಂದು ಬರಿಗೈಯಲ್ಲಿ ತಿರುಗಿ ಹೋಗಿದ್ದಳು. "ಸಾಲಹಳ್ಳ್ಯಾಗ ಏನದ ಅಂತ ಕಳಸೋದು? ದವಾಖಾನಿ ಅದನೋ, ಡಾಕ್ಟರ್ ಇದ್ದಾನೋ?" ಎಂದು ಅತ್ತೆ ಅವಳನ್ನು ಪಡಸಾಲೆಯಲ್ಲೇ ನಿಲ್ಲಿಸಿ ಕೇಳಿದ್ದರು. ದವಾಖಾನೆಯ ಮೇಲಿನ ಪ್ರೀತಿ ಅಂದುಕೊಳ್ಳಬೇಡಿ. ನಾನು ಹೋದರೆ ನೀರು ಸೇದುವವರು ಯಾರು, ಮಡಿಯಲ್ಲಿ ಅಡಿಗೆ ಮಾಡುವವರು ಯಾರು, ಅದು ಪ್ರಶ್ನೆ. ನನ್ನ ಗಂಡನನ್ನು ಕೇಳಿದರೆ, "ಅವ್ವ ಏನಂತಾಳ ಹಂಗ" ಅಂದರು. ಆ ಮನುಷ್ಯ ಮದುವೆಯ ದಿನ ತಾಳಿ ಕಟ್ಟುವಾಗಲೂ ತಮ್ಮ ಅವ್ವನ ಮುಖ ನೋಡಿ ಕಟ್ಟಿದವರು. ಕಡೆಗೆ ಅತ್ತೆ ಒಂದು ಮಾತು ಒಗೆದರು: "ಫೋಟೋ ಒಂದು ಆಗಲಿ, ಆಮ್ಯಾಲೆ ನೋಡೋಣಂತ." ಈ ಮಾತು ಹಿಡಿದುಕೊಂಡು ನಾನು ಬಿಲ್ಲು ಹಿಡಿಯಲಿಕ್ಕೆ ಒಪ್ಪಿದೆ. ಗದೆ ಹಿಡಿ ಅಂದಿದ್ದರೂ ಹಿಡಿಯುತ್ತಿದ್ದೆ.

ಫೋಟೋಗ್ರಾಫರ್ ಬೈಲಹೊಂಗಲದವನು. ಗಲ್ಲದ ತನಕ ಇಳಿದ ದಪ್ಪ ಮೀಸೆ, ನೆಲ ಗುಡಿಸುವ ಬೆಲ್‌ಬಾಟಂ ಪ್ಯಾಂಟು, ಮನೆಯ ಒಳಗೂ ಕಪ್ಪು ಕನ್ನಡಕ. ಚಚಡಿಯ ಜಮೀನ್ದಾರರ ವಾಡೆಯಲ್ಲಿ ಮದುವೆಯ ಫೋಟೋ ತೆಗೆದವನು ತಾನೇ ಎಂದು ಬಂದ ಕೂಡಲೇ ಹೇಳಿದ, ಚಹಾ ಕುಡಿಯುವಾಗ ಹೇಳಿದ, ಲೋಟ ಕೆಳಗಿಡುವಾಗ ಮತ್ತೆ ಹೇಳಿದ. ಅವನ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಪರದೆ, ಅದರ ಮೇಲೆ ಒಂದು ಕೆರೆ, ಕೆರೆಯಲ್ಲಿ ಬಾತುಕೋಳಿ. "ಬಿಲ್ಲು ಹಿಡದಾಕಿ ಬಾತುಕೋಳಿ ಮುಂದ ಕುಂಡ್ರೋದೇನೋ?" ಎಂದು ಅತ್ತೆ ಅದನ್ನು ತಳ್ಳಿಹಾಕಿದರು. ಅವನು ಕಿತ್ತೂರಿನ ಕೋಟೆ ಸೂಚಿಸಿದ. "ಅಲ್ಲೀ ಮಟಾ ಹೋಗೂದ್ರಾಗ ಹೂವು ಬಾಡ್ತಾವ" ಅಂದರು ಅತ್ತೆ. ಬಾಡುವ ವಸ್ತುಗಳ ಪಟ್ಟಿಯಲ್ಲಿ ನಾನಿರಲಿಲ್ಲ.

"ಹಂಗಾದ್ರ ಇಲ್ಲೇ ಔಟ್‌ಡೋರ್ ಮಾಡೂಣ್ರಿ" ಅಂದ ಅವನು. "ಸಿನಿಮಾದವ್ರು ಮಾಡತಾರಲ್ರಿ, ಹಂಗ. ಬಸ್ ಸ್ಟ್ಯಾಂಡ್ ಎದುರಿಗೆ ದೊಡ್ಡ ಬೇವಿನ ಗಿಡ ಐತಿ. ಹಿಂದ ಬರೇ ಎಲಿ-ತಪ್ಪಲ ಕಾಣತೈತಿ. ಅಡವಿ ಇದ್ದಂಗ ಬರತೈತಿ."

'ಔಟ್‌ಡೋರ್' ಎಂಬ ಶಬ್ದ ಅತ್ತೆಯ ಕಿವಿಯಲ್ಲಿ ಗಂಟೆ ಹೊಡೆದಂತೆ ಹೊಡೆಯಿತು. ಸಾಂಗ್ಲಿಯವಳದು ಒಳಗೆ ತೆಗೆದ ಫೋಟೋ. ನಮ್ಮದು ಔಟ್‌ಡೋರ್! ಅಲ್ಲಿಗೆ ಎಲ್ಲ ತೀರ್ಮಾನವಾಯಿತು. ಇನ್ನು ದಿನ. ನಮ್ಮ ಮನೆಯಲ್ಲಿ ಹೊಸ ಕಸಬರಿಗೆ ತರಲಿಕ್ಕೂ ಮುಹೂರ್ತ ಬೇಕು. ಫೋಟೋ ತೆಗೆಯಲಿಕ್ಕೆ ಬೇಡವೇ? ಮಾವ ಪಂಚಾಂಗ ಬಿಚ್ಚಿದರು, ಬೆರಳು ಮಡಚಿದರು, ತುಟಿ ಅಲುಗಾಡಿಸಿದರು. ಮಗುವಿನ ಶೌರ್ಯಕ್ಕೆ ಹುಣ್ಣಿಮೆಯ ದಿನ ಊಟದ ಹೊತ್ತಿನ ಸುಮಾರಿಗೆ ಬಹಳ ಪ್ರಶಸ್ತ ಎಂದರು. ಹುಣ್ಣಿಮೆ! ಸವದತ್ತಿಯಲ್ಲಿ! ಅವತ್ತು ಗುಡ್ಡದ ತಾಯಿಗೆ ಹೋಗುವ ಮಂದಿ ನೆಲ ಈದಂತೆ ಬಂದು ಊರಲ್ಲಿ ಇಳಿಯುತ್ತಾರೆ ಎಂಬುದು ಅಂಬೆಗಾಲಿಡುವ ಕೂಸಿಗೂ ಗೊತ್ತು. ನಕ್ಷತ್ರಗಳ ಓಡಾಟ ತಿಳಿದ ನನ್ನ ಮಾವನಿಗೆ ಬಸ್ಸುಗಳ ಓಡಾಟ ತಿಳಿಯಲಿಲ್ಲ. ಹೇಳಬಹುದಿತ್ತು ನಾನು. ಆದರೆ ಸೊಸೆಯ ಬಾಯಿ ಆ ಮನೆಯಲ್ಲಿ ಒಲೆ ಊದಲಿಕ್ಕೆ ಮಾತ್ರ ಇತ್ತು.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಮುನವಳ್ಳಿಯಿಂದ ಹೂವಿನ ಬುಟ್ಟಿ ಬಂತು. ಓಣಿಯ ಹೆಂಗಸರು ಸೇರಿ ರಟ್ಟಿನ ಮೇಲೆ ಮಲ್ಲಿಗೆ, ಅಬ್ಬಲಿಗೆ ಹೊಲಿದು ಕಿರೀಟ ಮಾಡಿದರು, ತೋಳಿಗೆ ವಂಕಿ ಮಾಡಿದರು, ಸೊಂಟಕ್ಕೆ ಡಾಬು ಮಾಡಿದರು. ಡಾಬು ನನ್ನ ಸೊಂಟ ಸುತ್ತಲಿಲ್ಲ. "ಎಷ್ಟ್ ದಪ್ಪ ಆಗೀಯಲ್ಲಾ" ಎಂದು ಒಬ್ಬಳು ನಕ್ಕಳು. ಎಂಟು ತುಂಬಿದ ಬಸುರಿ ದಪ್ಪ ಆಗದೆ ತೆಳ್ಳಗಾಗುತ್ತಾಳೆಯೇ? ಅಂಥ ಮಂದಿ. ಕಡೆಗೆ ಡಾಬಿಗೆ ಹಿಂದಿನಿಂದ ಒಂದು ಲಾಡಿ ಕಟ್ಟಿ ನನ್ನನ್ನು ಬಿಗಿದರು. ಬಿಲ್ಲು ಬಿದಿರಿನದು, ಅದಕ್ಕೂ ಹೂವು ಸುತ್ತಿದ್ದರು. ಬಾಣದ ತುದಿಗೆ ಚಾಕೊಲೇಟಿನ ಬೆಳ್ಳಿ ಕಾಗದ.

ಅಷ್ಟರಲ್ಲಿ ಅವ್ವ ಬಂದಳು. ಸಾಲಹಳ್ಳಿಯಿಂದ ರಾಮದುರ್ಗಕ್ಕೆ, ಅಲ್ಲಿಂದ ಸವದತ್ತಿಗೆ ಬಸ್ ಹಿಡಿದು, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಬಯಕೆಯ ತಿನಿಸಿನ ಡಬ್ಬಿ. ನನ್ನನ್ನು ನೋಡಿದಳು. ಕಿರೀಟ ನೋಡಿದಳು. ಆಮೇಲೆ ಕಣ್ಣು ಕೆಳಗಿಳಿದು ನನ್ನ ಬಾತ ಕಾಲಿನ ಮೇಲೆ ನಿಂತಿತು.

"ಬೀಗತೇರ, ಇವತ್ತರ ಕಳಸಿಕೊಡ್ರಿ" ಅಂದಳು ಅತ್ತೆಗೆ. "ಮಧ್ಯಾಹ್ನದ ರಾಮದುರ್ಗದ ಬಸ್ಸಿಗೆ ಕರಕೊಂಡು ಹೋಗ್ತೇನಿ."

"ಫೋಟೋ ಆಗಲಿ ತಡೀರಿ" ಅಂದರು ಅತ್ತೆ, ಅವಳ ಕಡೆಗೆ ತಿರುಗದೆ, ನನ್ನ ಕಿರೀಟಕ್ಕೆ ಪಿನ್ನು ಚುಚ್ಚುತ್ತ. "ಫೋಟೋ ತೊಳದು ಬರಲಿ, ಸಾಂಗ್ಲಿಗೆ ಕಳಸೂಣ, ಆಮ್ಯಾಲೆ ನೋಡೋಣಂತ. ಅವಸರೇನದ?"

ಅಲ್ಲಿಗೆ ನನಗೆ ತಿಳಿಯಿತು. ಫೋಟೋ ಆದ ಮೇಲೆ ಎಂದಿದ್ದವರು ಈಗ ತೊಳೆದು ಬಂದ ಮೇಲೆ ಎನ್ನುತ್ತಿದ್ದಾರೆ. ಅದೂ ಆದ ಮೇಲೆ ಸಾಂಗ್ಲಿಯಿಂದ ಉತ್ತರ ಬರಲಿ ಎನ್ನುತ್ತಾರೆ. ಅಷ್ಟರಲ್ಲಿ ನಾನು ಹೆತ್ತಿರುತ್ತೇನೆ, ಈ ಮನೆಯ ಕತ್ತಲೆ ಕೋಣೆಯಲ್ಲಿ, ಈ ಹೆಂಗಸು ತಲೆಯ ಹತ್ತಿರ ನಿಂತು ಬೈಯುತ್ತಿರುವಾಗ. ಪಿನ್ನು ನೆತ್ತಿಗೆ ಚುಚ್ಚಿತು.

ಮೆರವಣಿಗೆ ಹೊರಟಿತು. ಮುಂದೆ ಫೋಟೋಗ್ರಾಫರ್, ಮೂರು ಕಾಲಿನ ಸ್ಟ್ಯಾಂಡು ಹೆಗಲ ಮೇಲೆ. ಅವನ ಹಿಂದೆ ನನ್ನ ಗಂಡ, ತಲೆಯ ಮೇಲೆ ಸ್ಟೂಲು. ಆಮೇಲೆ ಅತ್ತೆ, ಆಮೇಲೆ ನಾನು, ನನ್ನ ಹಿಂದೆ ಚೀಲ ಹಿಡಿದ ಅವ್ವ. ಮಾವ ಬರಲಿಲ್ಲ, ಮುಹೂರ್ತ ಹೇಳಿದ ಆಯಾಸಕ್ಕೆ ಮಲಗಿದ್ದರು. ಬೇವಿನ ಗಿಡದ ಕೆಳಗೆ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿದರು. ಎದುರಿಗೆ ಬಸ್ ಸ್ಟ್ಯಾಂಡು. ರಾಮದುರ್ಗದ ಬಸ್ಸು ಆಗಲೇ ಬಂದು ನಿಂತಿತ್ತು. ಅದರ ಹಣೆಯ ಮೇಲಿನ ಬೋರ್ಡು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಬೇರೆ ಯಾವ ಕಡೆಗೂ ನಾನು ನೋಡಲಿಲ್ಲ.

"ವೈನೀ, ಇತ್ತಾಗ ನೋಡ್ರಿ" ಅಂದ ಫೋಟೋಗ್ರಾಫರ್. "ಬಾಣ ಸ್ವಲ್ಪ ಮ್ಯಾಲೆ. ಕುತ್ತಿಗಿ ಡಾವಾ ಕಡೆ, ಎಡಕ್ಕ. ನಗ್ರಿ. ಅಷ್ಟ್ ಬ್ಯಾಡ್ರಿ."

ನಾನು ನಕ್ಕೇ ಇರಲಿಲ್ಲ. ಬಿಸಿಲಿಗೆ ಹಲ್ಲು ಕಂಡಿದ್ದವು.

ಅವನು ಕ್ಯಾಮೆರಾದಲ್ಲಿ ಕಣ್ಣಿಟ್ಟ. ಅವನ ಮುಂದೆ ಒಂದು ಎತ್ತಿನ ಗಾಡಿ ಬಂತು. ಗಾಡಿ ಹೋಯಿತು, ಕಡಲೆಕಾಯಿ ಮಾರುವವನು ಬಂದ. ಅವನನ್ನು ಬೈದು ಕಳಿಸಿದರೆ ಹೊಸದಾಗಿ ಬಂದ ಬಸ್ಸು ಧೂಳೆಬ್ಬಿಸಿ ನಿಂತು ಒಳಗಿನ ಮಂದಿಯನ್ನೆಲ್ಲ ನಮ್ಮ ಮೇಲೆ ಸುರಿಯಿತು. ಜನಕ್ಕೆ ಕೆಲಸವಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು, ಇಷ್ಟು ಕೆಲಸವಿಲ್ಲ ಎಂದು ಅವತ್ತು ಗೊತ್ತಾಯಿತು. ಬಸ್ಸು ತಪ್ಪಿದರೂ ಚಿಂತೆಯಿಲ್ಲ, ಬಾಯಿ ತೆಗೆದು ನಿಂತವರು ನಿಂತೇ ಇದ್ದರು. ನಾಟಕ ಕಂಪನಿಯವಳು ಎಂದ ಒಬ್ಬ. ಸಿನಿಮಾದವಳು ಎಂದ ಇನ್ನೊಬ್ಬ. "ಬಸರ ಇದ್ದಾಕಿನ್ನ ಸಿನಿಮಾಕ್ಕ ಯಾಂವ ತೊಗೊಂತಾನಲೇ" ಎಂದ ಮೂರನೆಯವನು. ಅಷ್ಟು ಮಂದಿಯಲ್ಲಿ ಬುದ್ಧಿ ಇದ್ದವನು ಅವನೊಬ್ಬನೇ. ಅತ್ತೆ ಮಾತ್ರ ಸೆರಗು ಸರಿ ಮಾಡಿಕೊಂಡು ಎಲ್ಲರ ಮುಖ ನೋಡುತ್ತ ನಿಂತಿದ್ದರು. ಮಂದಿ ಹೆಚ್ಚಾದಷ್ಟೂ ಅವರ ಎದೆ ಉಬ್ಬುತ್ತಿತ್ತು. ಸಾಂಗ್ಲಿಯ ತಂಗಿ ಅಲ್ಲಿ ಇಲ್ಲವಲ್ಲ ಎಂಬುದೊಂದೇ ಅವರಿಗೆ ಕೊರತೆ.

ಆಗ ಗುಡ್ಡಕ್ಕೆ ಹೊರಟಿದ್ದ ಹೆಂಗಸರ ಒಂದು ಗುಂಪು ಬಂತು. ತಲೆಯ ಮೇಲೆ ಬಿದಿರು ಬುಟ್ಟಿ, ಹಣೆ ತುಂಬ ಭಂಡಾರ, ಅಂದರೆ ತಾಯಿಯ ಅರಿಷಿಣ ಪುಡಿ. ಗುಂಪಿನ ಮುಂದಿದ್ದ ಮುದುಕಿ ನನ್ನನ್ನು ನೋಡಿ ಗಕ್ಕನೆ ನಿಂತಳು. ಹಸಿರು ಸೀರೆ, ತಲೆಯಿಂದ ಸೊಂಟದವರೆಗೆ ಹೂವು, ಬೇವಿನ ಗಿಡದ ಕೆಳಗೆ ಎತ್ತರದಲ್ಲಿ ಕೂತ ಹೆಂಗಸು, ಕೈಯಲ್ಲಿ ಆಯುಧ. ಮುದುಕಿ ಬುಟ್ಟಿ ಕೆಳಗಿಟ್ಟಳು.

"ಯವ್ವಾ! ತಾಯಿ ಗುಡ್ಡ ಇಳದು ಬಂದು ಇಲ್ಲೇ ಕುಂತಾಳಲ್ಲವ್ವಾ!" ಎಂದು ಕೂಗಿದಳು.

"ಉಧೋ ಉಧೋ!" ಎಂದಿತು ಗುಂಪು. ಹಿಂದಿನವರಿಗೆ ಏನಾಗಿದೆ ಎಂದು ಕಾಣಿಸಲೂ ಇಲ್ಲ, ಅವರೂ "ಉಧೋ ಉಧೋ" ಎಂದರು. ಈಗಷ್ಟೇ ನನ್ನನ್ನು ನಾಟಕದವಳು ಎಂದವನೇ ಎಲ್ಲರಿಗಿಂತ ಮೊದಲು ಚಪ್ಪಲಿ ಬಿಟ್ಟ. ನನ್ನ ಗಂಡ ಎರಡೂ ಕೈ ಎತ್ತಿ, "ಇಲ್ರೀ, ಇಕಿ ನನ್ನ ಹೇಣತಿ ರೀ, ನನ್ನ ಹೇಣತಿ" ಎಂದು ಅರಚಿದರು. ಕಚೇರಿಯಲ್ಲೇ ಅವರ ಮಾತು ಯಾರೂ ಕೇಳುತ್ತಿರಲಿಲ್ಲ, ಇಲ್ಲಿ ಕೇಳುತ್ತಾರೆಯೇ? ಮುದುಕಿ ಹತ್ತಿರ ಬಂದು ಹಿಡಿ ತುಂಬ ಭಂಡಾರ ತೆಗೆದು ನನ್ನ ಮೇಲೆ ತೂರಿದಳು. ಅವಳ ಹಿಂದಿನವಳೂ ತೂರಿದಳು. ಮೂಗು, ಬಾಯಿ, ಕಣ್ಣು, ಎಲ್ಲ ಕಡೆಯೂ ಅರಿಷಿಣ.

ನನಗೆ ಸೀನು ಬಂತು. ಒಂದಲ್ಲ, ಮೇಲಿಂದ ಮೇಲೆ. ತುಂಬಿದ ಬಸುರಿಯ ಸೀನು ಎಂದರೆ ಹುಡುಗಾಟವಲ್ಲ, ಇಡೀ ಮೈ ಬುಡದಿಂದ ಅದುರುತ್ತದೆ. ಕಿರೀಟ ಒಂದು ಕಡೆ ವಾಲಿತು. ಹಿಂದೆ ಕಟ್ಟಿದ್ದ ಲಾಡಿ ಹರಿದು ಡಾಬು ಕೆಳಗೆ ಬಿತ್ತು. ಜಡೆ ಬಿಚ್ಚಿಕೊಂಡಿತು. ಕಣ್ಣಲ್ಲಿ ನೀರು ಧಾರಾಕಾರ.

"ಮೈದುಂಬ್ಯಾಳ! ತಾಯಿ ಮೈದುಂಬ್ಯಾಳ!" ಎಂದು ಮಂದಿ ಹುಯ್ಯಿಲಿಟ್ಟರು.

ಥೂ, ಎಂಥ ಜನ! ಹೆಂಗಸೊಬ್ಬಳು ಅರಿಷಿಣದ ಪುಡಿಗೆ ಸೀನಿದರೆ ದೇವರು. ಅದೇ ಹೆಂಗಸು ಮನೆಯಲ್ಲಿ ತಲೆಸುತ್ತಿ ಬಿದ್ದರೆ ನಾಟಕ. ನನಗೆ ಅಲ್ಲಿದ್ದ ಒಬ್ಬೊಬ್ಬರ ಮೇಲೂ ಹೇಸಿಗೆ ಬಂತು. ಕೈ ಮುಗಿದವರ ಮೇಲೆ, ಕಪ್ಪು ಕನ್ನಡಕದವನ ಮೇಲೆ, ಸ್ಟೂಲು ಹೊತ್ತು ತಂದ ಗಂಡನ ಮೇಲೆ. ಎದ್ದು ಬಿಲ್ಲು ಬಿಸಾಡಿ ನಡೆದುಬಿಡಬೇಕು ಎಂದು ಕಾಲೂರಿದೆ. ಅಷ್ಟರಲ್ಲಿ ಆ ಮುದುಕಿ ನನ್ನ ಮೊಣಕಾಲು ಹಿಡಿದು ಮುಖ ಮೇಲೆತ್ತಿ ಕೇಳಿದಳು:

"ಏನ್ ಬೇಕವ್ವಾ ನನ್ನವ್ವಾ ನಿನಗ? ಬಾಯಿ ಬಿಟ್ಟು ಕೇಳು. ಏನ್ ಬೇಕು?"

ಮದುವೆಯಾಗಿ ಆ ಮನೆಗೆ ಬಂದ ಮೇಲೆ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಯಕೆ ಊಟವಂತೆ! ಏನು ಬಯಕೆ ಎಂದು ಒಬ್ಬರಾದರೂ ಕೇಳಿದ್ದರೇ? ಕೇಳಿದವಳು ಯಾವ ಊರಿನವಳೋ, ಯಾರ ಮನೆಯ ಮುದುಕಿಯೋ. ನಾನು ನಾಟಕ ಮಾಡಲಿಲ್ಲ, ಧ್ವನಿ ಬದಲು ಮಾಡಲಿಲ್ಲ. ಕೇಳಿದಳು, ಹೇಳಿದೆ, ಅಷ್ಟೇ.

"ತವರಿಗೆ ಹೋಗಬೇಕು" ಅಂದೆ.

"ತಾಯಿ ತವರಿಗೆ ಹೊಂಟಾಳಂತ!" ಎಂದು ಮುದುಕಿ ಮಂದಿಗೆಲ್ಲ ಕೇಳುವಂತೆ ಸಾರಿದಳು. "ಉಧೋ ಉಧೋ!" ಎಂದರು ಮಂದಿ. "ಹೋಗವ್ವಾ, ಹೋಗು! ನಿನ್ನ ತಡಿಯಾವ್ರು ಯಾರದಾರ? ತೋರ್ಸು!"

ನನ್ನ ಕೈಯಲ್ಲಿ ಬಾಣವಿತ್ತು. ತುದಿಗೆ ಬೆಳ್ಳಿ ಕಾಗದ ಸುತ್ತಿದ ಆ ಬಾಣವನ್ನು ಬಿಲ್ಲಿಗೆ ಹೂಡಿ, ಎಳೆದು, ಅತ್ತೆಯ ಕಡೆಗೆ ತಿರುಗಿಸಿದೆ. ನಿಧಾನವಾಗಿ ತಿರುಗಿಸಿದೆ. ಅವಸರವೇನಿತ್ತು? ಮಂದಿಯೆಲ್ಲ ಬಾಣದ ತುದಿ ಹೋದ ಕಡೆಗೆ ಕಣ್ಣು ಹೊರಳಿಸುತ್ತ ಬಂದು ಅತ್ತೆಯ ಮೇಲೆ ನಿಲ್ಲಿಸಿದರು. ಎಪ್ಪತ್ತರ ದಶಕದ ಆ ಸವದತ್ತಿಯಲ್ಲಿ ಅವತ್ತು ನಾನೊಬ್ಬಳೇ ಶೂರೆ. ಇವತ್ತು ಕೇಳಿದರೂ ಹೇಳುತ್ತೇನೆ, ಆ ಕ್ಷಣದಂಥ ಸುಖ ನಾನು ಜೀವಮಾನದಲ್ಲಿ ಕಂಡಿಲ್ಲ.

"ಕಳಸ್ರೀ ಬಾಯಾರ! ತಾಯೀನ ತಡೀಬ್ಯಾಡ್ರಿ!" ಎಂದು ಮಂದಿ ಅತ್ತೆಯ ಮೇಲೆ ಬಿದ್ದರು. "ಮನಿತನಾ ಉಳೀಬೇಕಂದ್ರ ಕಳಸ್ರಿ!"

ಇಷ್ಟು ಹೊತ್ತು ಎದೆ ಉಬ್ಬಿಸಿ ನಿಂತಿದ್ದ ಹೆಂಗಸು ಕುಗ್ಗಿ ಇಷ್ಟೇ ಇಷ್ಟಾದರು. ಆ ಕಡೆ ಈ ಕಡೆ ನೋಡಿದರು. ಮಗ ಕಣ್ಣಿಗೆ ಬೀಳಲಿಲ್ಲ, ಅವರು ಕ್ಯಾಮೆರಾ ಸ್ಟ್ಯಾಂಡಿನ ಹಿಂದೆ ಸೇರಿಕೊಂಡಿದ್ದರು. ಅತ್ತೆ ತಡವರಿಸುತ್ತ ಬಂದು ನನ್ನ ಮುಂದೆ ಮಂಡಿಯೂರಿದರು. ಹಣೆಯನ್ನು ನನ್ನ ಬಾತ ಕಾಲಿಗೆ ಹಚ್ಚಿದರು. ಆ ಕಾಲನ್ನು ಅವರು ಮುಟ್ಟಿದ್ದು ಅದೇ ಮೊದಲು. "ಕಳಸ್ತೇನಿ ತಾಯಿ, ಇವತ್ತೇ ಕಳಸ್ತೇನಿ" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಮಂದಿ "ಉಧೋ" ಎಂದು ಬೊಬ್ಬೆ ಹೊಡೆದರು. ನಾನು ಅತ್ತೆಯ ಬೆನ್ನು ನೋಡುತ್ತ ಮನಸ್ಸಿನಲ್ಲೇ ನಗುತ್ತಿದ್ದೆ.

ಅವರು ಏಳಲಿಲ್ಲ. ನನ್ನ ಎರಡೂ ಕಾಲು ಗಟ್ಟಿಯಾಗಿ ಹಿಡಿದುಕೊಂಡು ಮುಖ ಮೇಲೆತ್ತಿದರು. ಕಣ್ಣು ಕೆಂಪಗಾಗಿದ್ದವು. ಆ ಗದ್ದಲದಲ್ಲಿ ನನಗೊಬ್ಬಳಿಗೇ ಕೇಳುವಂತೆ ಅಂದರು:

"ನನ್ನ ಚೊಚ್ಚಲಕ್ಕ ನನ್ನ ಯಾರೂ ಕಳಸಲಿಲ್ಲ. ನಮ್ಮವ್ವ ಬಂದು ಬಾಗಲಾಗಿಂದನ ತಿರಗಿ ಹೋದ್ಲು. ಕೂಸೂ ಉಳೀಲಿಲ್ಲ. ಆವಾಗ ಎಲ್ಲಿ ಹೋಗಿದ್ದಿ ನೀ?"

ನನ್ನ ಬಾಯಿ ತೆರೆಯಿತು. ಅದೇ ಹೊತ್ತಿಗೆ ಕಪ್ಪು ಕನ್ನಡಕದವನು ಕ್ಯಾಮೆರಾದ ಗುಂಡಿ ಒತ್ತಿದ.

ಅವ್ವ ಗುಂಪಿನಲ್ಲಿ ನುಗ್ಗಿ ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು. ಮಂದಿ ದಾರಿ ಬಿಟ್ಟರು. ಕಂಡಕ್ಟರ್ ತಾನೇ ಕೆಳಗಿಳಿದು, ಮುಂದಿನ ಸೀಟು ಖಾಲಿ ಮಾಡಿಸಿ, ಕೈ ಮುಗಿದು ಹತ್ತಿಸಿದ. ಬೇರೆ ದಿನಗಳಲ್ಲಿ ಬಸುರಿ ಹೆಂಗಸು ನಿಂತುಕೊಂಡೇ ಬಂದರೂ ಮುಖ ಆಚೆ ತಿರುಗಿಸುವ ಜಾತಿ ಅವರದು. ಕಿರೀಟವನ್ನು ಮುದುಕಿಯ ಬುಟ್ಟಿಗೆ ಹಾಕಿದೆ. ಬಿಲ್ಲನ್ನು ಗಂಡನ ಕೈಗೆ ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ನಿಂತರು.

ಬಸ್ಸು ಊರು ದಾಟಿದ ಮೇಲೆ ಅವ್ವ ನನ್ನ ಮುಖದ ಅರಿಷಿಣ ಒರೆಸುತ್ತ ಮೆಲ್ಲಗೆ ಕೇಳಿದಳು: "ಖರೇನ ಬಂದಿದ್ಲೇನ ತಾಯಿ?"

"ಬಂದಿದ್ಲು. ಬಸ್ಸಿಗೂ ಬಂದಾಳ. ಸರದು ಕೂಡು" ಅಂದೆ.

ಅವ್ವ ಕಿಟಕಿಯ ಕಡೆಗೆ ಸರಿದು ಕೂತು ನನ್ನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ನಾನು ರಾಮದುರ್ಗದವರೆಗೆ ಏಳಲಿಲ್ಲ.

ಸಾಲಹಳ್ಳಿಯಲ್ಲಿ ಹೆತ್ತೆ. ಸುಖವಾಗಿ ಹೆತ್ತೆ, ಅವ್ವನ ಕೈ ಹಿಡಿದುಕೊಂಡು, ಮನಸ್ಸು ಬಂದಂತೆ ಚೀರಿ ಹೆತ್ತೆ. ಹುಟ್ಟಿದ್ದು ಹೆಣ್ಣು. ಪ್ರಶಸ್ತ ಮುಹೂರ್ತ ನೋಡಿ ಶೂರ ಗಂಡುಮಗನನ್ನು ಗೊತ್ತು ಮಾಡಿದ್ದ ಮಾವ, ಗ್ರಹಗಳು ಆಮೇಲೆ ಮನಸ್ಸು ಬದಲಿಸಿದವು ಎಂದರಂತೆ. ಅತ್ತೆ ಕೂಸನ್ನು ನೋಡಲು ಬಂದರು, ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕೂತರು. ಕೆಳಗಿಡಲು ಮನಸ್ಸಿಲ್ಲದವರ ಹಾಗೆ ಕೂತರು. ಆಮೇಲೆ ನಮ್ಮ ಮನೆಯ ಚಹಾ ತೆಳ್ಳಗಿದೆ ಎಂದು ಹೇಳಿ ಎದ್ದು ಹೋದರು.

ಅದಾದ ಮೇಲೆ ಅವರು ಬದಲಾದರೇ? ಎಲ್ಲಿಯ ಮಾತು! ನಾನು ತಿರುಗಿ ಬಂದ ಮರುದಿನವೇ ಬಾವಿಯ ಹಗ್ಗ ನನ್ನ ಕೈಗೆ ಬಂತು. ಬೈಗುಳ ಒಂದೂ ಕಡಿಮೆಯಾಗಲಿಲ್ಲ. ನಾನೂ ಹಿಂದೆ ಬೀಳಲಿಲ್ಲ. ಅವರು ಇರುವ ತನಕ ಅವರನ್ನು ತುಚ್ಛವಾಗಿ ಕಂಡೆ, ಅವರೂ ನನ್ನನ್ನು ಹಾಗೆಯೇ ಕಂಡರು. ಬೇವಿನ ಗಿಡದ ಕೆಳಗೆ ಅಂದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ಕೂಸು ಗಂಡೋ ಹೆಣ್ಣೋ ಎಂಬುದು ಕೂಡ ನನಗೆ ಇವತ್ತಿನವರೆಗೆ ಗೊತ್ತಿಲ್ಲ. ನನ್ನ ಗಂಡನಿಗೆ ತಮಗಿಂತ ಮೊದಲು ಒಂದು ಕೂಸು ಹುಟ್ಟಿತ್ತು ಎಂಬುದೇ ಗೊತ್ತಿರಲಿಲ್ಲ.

ಫೋಟೋ ಒಂದೇ ಬಂತು, ಆ ಕೊನೆಯದು. ಉಳಿದವುಗಳಲ್ಲಿ ಎತ್ತಿನ ಗಾಡಿಯ ಚಕ್ರ, ಕಡಲೆಕಾಯಿಯವನ ಬೆನ್ನು, ಧೂಳು. ಅತ್ತೆ ಅದನ್ನು ಸಾಂಗ್ಲಿಗೆ ಕಳಿಸಲಿಲ್ಲ. ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. "ತಾಯಿ ಬಂದಾಗಿಂದು" ಎಂದು ಬಂದವರಿಗೆಲ್ಲ ತೋರಿಸಿದರು. ಅತ್ತೆ ತೀರಿಕೊಂಡ ಮೇಲೂ ಅದು ಅಲ್ಲೇ ಇದೆ, ನಾನು ತೆಗೆದಿಲ್ಲ. ಅದರಲ್ಲಿ ಅತ್ತೆಯ ಮುಖವಿಲ್ಲ, ಬರೀ ಬೆನ್ನು ಮತ್ತು ತುರುಬು. ವಾಲಿದ ಕಿರೀಟ ಇಟ್ಟುಕೊಂಡ ನಾನು, ಬಾಯಿ ತೆರೆದಿದ್ದೇನೆ. ನೋಡಿದವರು ತಾಯಿ ಏನೋ ಅಪ್ಪಣೆ ಕೊಡುತ್ತಿದ್ದಾಳೆ ಎಂದು ಕೈ ಮುಗಿಯುತ್ತಾರೆ. ಮೂಢರು. ಅತ್ತೆ ಕೇಳಿದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಿದ್ದೆ. ಹೇಳಲಿಕ್ಕೆ ಏನೂ ಇರಲಿಲ್ಲ.